ನೋವು ಕಾಣೋದಿಲ್ಲ, ಅದಕ್ಕೇ ನಂಬೋದಿಲ್ಲ: ಹಾಡಿಗಳ ಸಿಕಲ್ ಸೆಲ್ ಕೆಲಸದಲ್ಲಿ ನನ್ನ ಅನುಭವ

ಸಿಕಲ್ ಸೆಲ್ ಅನ್ನುವ ರಕ್ತದ ಕಾಯಿಲೆಯ ಬಗ್ಗೆ ಅರಿವು ಮೂಡಿಸಬೇಕು ಅಂದ ಕೂಡಲೇ ಎಲ್ಲರೂ ತಿರುಗುವುದು ಕಾಯಿಲೆ ಇರುವವರ ಕಡೆಗೇ. ಹಾಡಿಗೆ, ಅಂದರೆ ಬುಡಕಟ್ಟು ಜನರ ಊರಿಗೆ ಹೋಗಿ, ಪೋಸ್ಟರ್ ಅಂಟಿಸಿ, ಜನರನ್ನು ಕೂರಿಸಿ ಭಾಷಣ ಮಾಡಿ. ಎಚ್.ಡಿ. ಕೋಟೆ ತಾಲ್ಲೂಕಿನ ಜೇನುಕುರುಬ, ಬೆಟ್ಟಕುರುಬ, ಯರವ ಹಾಡಿಗಳಲ್ಲಿ ನರ್ಸ್ ಆಗಿ ಓಡಾಡಿದ ನನಗೆ ಅನ್ನಿಸಿದ್ದೇ ಬೇರೆ. ಮೂಳೆಯೊಳಗಿನ ನೋವು ಹೇಗಿರುತ್ತದೆ ಅಂತ ಅವರಿಗೆ ನಾನೇನು ಹೇಳಲಿ? ಹೇಳಬೇಕಾಗಿದ್ದು ಸುತ್ತ ಇರುವವರಿಗೆ. ಎಸ್ಟೇಟಿನ ಮೇಸ್ತ್ರಿಗೆ, ಆಶ್ರಮ ಶಾಲೆಯ ವಾರ್ಡನ್‌ಗೆ, ರಾತ್ರಿ ಡ್ಯೂಟಿಯಲ್ಲಿರುವವರಿಗೆ, ಕೆಲವು ಮನೆಗಳಲ್ಲಿ ಅತ್ತೆಗೆ.

ತಂದೆ ತಾಯಿ ಇಬ್ಬರಿಂದಲೂ ಬದಲಾದ ಜೀನ್ ಬಂದಾಗ ಈ ಕಾಯಿಲೆ ಬರುತ್ತದೆ. ದುಂಡಗಿರಬೇಕಾದ ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗಿ ಗಡುಸಾಗುತ್ತದೆ. ಚಳಿ, ನೀರು ಕುಡಿಯದಿರುವುದು, ಜ್ವರ, ಮೈಮುರಿಯುವ ದುಡಿಮೆ, ಇವೆಲ್ಲ ಅದನ್ನು ಕೆರಳಿಸುತ್ತವೆ. ಬಾಗಿದ ಕಣಗಳು ಸಣ್ಣ ರಕ್ತನಾಳದಲ್ಲಿ ಸಿಕ್ಕಿಕೊಂಡರೆ ಮುಂದಕ್ಕೆ ರಕ್ತ ಹೋಗುವುದಿಲ್ಲ. ಆಗ ಶುರುವಾಗುತ್ತದೆ ನೋವು. ಒಳ್ಳೆಯ ರಕ್ತಕಣ ಸುಮಾರು 120 ದಿನ ಬದುಕುತ್ತದೆ, ಇವು 10ರಿಂದ 20 ದಿನ. ಹಾಗಾಗಿ ರಕ್ತ ಯಾವಾಗಲೂ ಕಡಿಮೆ, ಕಣ್ಣು ಆಗಾಗ ಹಳದಿ. ಹಳದಿ ಕಂಡರೆ ಕಾಮಾಲೆ ಅಂತ ನಾಟಿ ಔಷಧಿ, ಪಥ್ಯ ಶುರು. ಕೂಸುಗಳಲ್ಲಿ ಮೊದಲು ಕಾಣುವುದು ಎಷ್ಟೋ ಸಲ ಕೈಕಾಲು ಊದಿಕೊಂಡು ಅಳುವುದು.

ದೊಡ್ಡವರಲ್ಲಿ ಎಷ್ಟೋ ಸಲ ಊತವೂ ಇರುವುದಿಲ್ಲ, ಗಾಯವೂ ಇರುವುದಿಲ್ಲ. ಎಕ್ಸ್‌ರೇ ಸರಿಯಾಗಿಯೇ ಇರುತ್ತದೆ. ನಿನ್ನೆ ನಗುತ್ತಾ ಓಡಾಡಿದವನು ಇವತ್ತು ಬೆನ್ನು ಹಿಡಿದು ಉರುಳಾಡುತ್ತಾನೆ. ಸುಮ್ನೆ ನಾಟಕ, ಕುಡಿದು ಬಂದಿದ್ದಾನೆ, ಕೆಲಸ ತಪ್ಪಿಸಿಕೊಳ್ಳೋಕೆ ನೆಪ. ಈ ಮೂರು ಮಾತು ಕೇಳದ ರೋಗಿಯನ್ನು ನಾನು ನೋಡಿಲ್ಲ. ಒಂದು ಆಸ್ಪತ್ರೆಯಲ್ಲಿ ನೋವಿಗೆ ಇಂಜೆಕ್ಷನ್ ಕೇಳಿದ ಹುಡುಗನಿಗೆ 'ಇದರ ಚಟ ಇದೆಯಾ?' ಅಂತ ಕೇಳಿದ್ದರು. ಆಮೇಲೆ ಅವನು ಆಸ್ಪತ್ರೆಗೆ ಹೋಗುವುದನ್ನೇ ಬಿಟ್ಟ.

ಅದಕ್ಕೇ ಕಾರ್ಡು ಮಾಡಿದೆವು. ಕಿಸೆಯಲ್ಲಿ ಹಿಡಿಸುವಷ್ಟು ದೊಡ್ಡದು, ಲ್ಯಾಮಿನೇಟ್ ಮಾಡಿಸಿದ್ದು. ಮೊದಲ ಸಾಲಿನಲ್ಲೇ 'ಇವರಿಗೆ ಸಿಕಲ್ ಸೆಲ್ ಕಾಯಿಲೆ ಇದೆ, ನೋವು ನಿಜ' ಅಂತ. ಕೆಳಗೆ ಹೋದ ಸಲ ಯಾವ ನೋವಿನ ಔಷಧಿ ಕೆಲಸ ಮಾಡಿತು, ಆರಾಮಾಗಿ ಇದ್ದಾಗ ಹಿಮೋಗ್ಲೋಬಿನ್ ಎಷ್ಟು ಅನ್ನುವುದು. ಈ ಕೊನೆಯದು ಬಹಳ ಮುಖ್ಯ. ಯಾವಾಗಲೂ 8 ಇರುವವರಿಗೆ 8 ನೋಡಿ ಗಾಬರಿಯಾಗಿ ರಕ್ತ ಏರಿಸಬೇಕಾಗಿಲ್ಲ, ಆದರೆ ಅದೇ 5ಕ್ಕೆ ಇಳಿದರೆ ತಡ ಮಾಡಬಾರದು. ಐಸ್ ಇಡಬೇಡಿ, ಬೆಚ್ಚಗಿನ ಶಾಖ ಕೊಡಿ ಅಂತಲೂ ಬರೆಸಿದೆವು. ಜ್ವರ, ಎದೆನೋವಿನ ಜೊತೆ ಉಸಿರಾಟದ ತೊಂದರೆ, ಒಂದು ಕಡೆ ಕೈಕಾಲು ಸೋಲುವುದು, ಮಗು ಇದ್ದಕ್ಕಿದ್ದಂತೆ ಬಿಳಿಚಿಕೊಂಡು ಹೊಟ್ಟೆ ಉಬ್ಬುವುದು, ಇವು ಕಂಡರೆ ಮನೆಯಲ್ಲಿ ಕಾಯದೆ 108ಕ್ಕೆ ಫೋನ್ ಮಾಡಿ ಅಂತ ಹಿಂಬದಿಯಲ್ಲಿ. ಕನ್ನಡ, ಇಂಗ್ಲಿಷ್ ಸಾಲದು ಅನ್ನಿಸಿ ಮಲಯಾಳಂ ಕೂಡ ಸೇರಿಸಿದೆವು. ಕೇರಳ ಗಡಿಯ ಡಿ.ಬಿ. ಕುಪ್ಪೆ ಕಡೆಯವರಿಗೆ ವಯನಾಡಿನ ಮಾನಂದವಾಡಿಯೇ ಹತ್ತಿರ ಅಲ್ವಾ.

ಕಾರ್ಡು ತೋರಿಸಿದರೆ ಎಲ್ಲ ಕಡೆ ಮರ್ಯಾದೆ ಸಿಗುತ್ತದೆ ಅಂತೇನಿಲ್ಲ. ಆದರೆ ಮಾತಿನ ಧಾಟಿ ಬದಲಾಗುತ್ತದೆ. ಓದಿದ ಮೇಲೆ 'ನಾಟಕ' ಅನ್ನುವುದು ಸ್ವಲ್ಪ ಕಷ್ಟ.

ಎಸ್ಟೇಟಿನ ವಿಷಯ ಇದಕ್ಕಿಂತ ಬಿಗಿ. ಡಿಸೆಂಬರ್ ಬಂದರೆ ಅರ್ಧ ಹಾಡಿ ಕೊಡಗಿಗೆ ಕಾಫಿ ಕೊಯ್ಯಲು ಹೋಗುತ್ತದೆ. ಬೆಳಿಗ್ಗೆ ಜೀಪಿನಲ್ಲಿ ಗಾಳಿಗೆ ಮೈಯೊಡ್ಡಿ ಹೋಗಬೇಕು, ಇಬ್ಬನಿಯಲ್ಲಿ ನೆನೆದ ಗಿಡಗಳ ನಡುವೆ ನಿಲ್ಲಬೇಕು, ಕೂಲಿ ತೂಕದ ಮೇಲೆ. ಬಯಲಿಗೆ ಹೋಗಲು ಮುಜುಗರ ಅಂತ ಹೆಂಗಸರು ನೀರೇ ಕುಡಿಯುವುದಿಲ್ಲ. ಈ ಕಾಯಿಲೆಗೆ ಆಗದ್ದೆಲ್ಲ ಒಂದೇ ಜಾಗದಲ್ಲಿ. ಮುಂಗಡ ಕೊಟ್ಟ ಮೇಸ್ತ್ರಿಗೆ ಜೀನ್ ಬಗ್ಗೆ ಹೇಳಿ ಪ್ರಯೋಜನವಿಲ್ಲ. ನಾನು ಹೇಳಿದ್ದು ಲೆಕ್ಕದ ಭಾಷೆಯಲ್ಲಿ. ಇವರನ್ನು ಇಬ್ಬನಿ ಆರಿದ ಮೇಲೆ ಇಳಿಸಿ, ಗಂಟೆಗೊಮ್ಮೆ ನೀರಿಗೆ ಬಿಡಿ, ಆಗದ ದಿನ ಅಂಗಳದಲ್ಲಿ ಕಾಫಿ ಒಣಹಾಕುವ ಕೆಲಸ ಕೊಡಿ, ಇಲ್ಲದಿದ್ದರೆ ವಾರಗಟ್ಟಲೆ ಲೈನ್ ಮನೆಯಲ್ಲಿ ಮಲಗುತ್ತಾರೆ, ನಿಮಗೇ ನಷ್ಟ. ಕೆಲವರು ಕೇಳಿದರು, ಕೆಲವರು ಮರುವರ್ಷ ಆ ಕುಟುಂಬವನ್ನೇ ಕರೆಯಲಿಲ್ಲ. ಈಗ ಮನೆಯವರನ್ನು ಕೇಳದೆ ನಾನು ಯಾವ ಮೇಸ್ತ್ರಿಯ ಹತ್ತಿರವೂ ಕಾಯಿಲೆಯ ಮಾತು ಎತ್ತುವುದಿಲ್ಲ.

ಗುಟ್ಟಿನ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಹಟಮಾರಿ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಸಿಕಲ್ ಸೆಲ್ ನಿರ್ಮೂಲನೆಯ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. ಬುಡಕಟ್ಟು ಪ್ರದೇಶಗಳಲ್ಲಿ 40 ವರ್ಷದೊಳಗಿನ 7 ಕೋಟಿ ಜನರನ್ನು ಪರೀಕ್ಷಿಸುವ ಗುರಿ. ಒಳ್ಳೆಯದೇ. ಆದರೆ ಒಂದು ಶಿಬಿರದಲ್ಲಿ ಪಾಸಿಟಿವ್ ಬಂದವರ ಹೆಸರನ್ನು ಎಲ್ಲರೆದುರು ಓದಿದ್ದನ್ನು ನೋಡಿದ್ದೇನೆ. ಬೆರಳಿಗೆ ಚುಚ್ಚಿ ಮಾಡುವ ಸಾಲ್ಯುಬಿಲಿಟಿ ಪರೀಕ್ಷೆಯಲ್ಲಿ ರಕ್ತ ಬೆರೆಸಿದ ದ್ರಾವಣ ಮಬ್ಬಾದರೆ ಪಾಸಿಟಿವ್. ಅವರಿಗೆ ಕಾಯಿಲೆಯೇ ಇದೆಯಾ, ಇಲ್ಲ ತಂದೆ ತಾಯಿಯಲ್ಲಿ ಒಬ್ಬರಿಂದ ಮಾತ್ರ ಬದಲಾದ ಜೀನ್ ಬಂದ ಬರೀ ವಾಹಕರಾ ಅನ್ನುವುದು ಎಚ್‌ಪಿಎಲ್‌ಸಿ ಅನ್ನುವ ಲ್ಯಾಬ್ ಪರೀಕ್ಷೆ ಮಾಡಿಸಿದ ಮೇಲೇ ಗೊತ್ತಾಗುವುದು. ವಾಹಕರಲ್ಲಿ ಹೆಚ್ಚಿನವರಿಗೆ ಜೀವನಪೂರ್ತಿ ಏನೂ ಆಗುವುದಿಲ್ಲ. ಆದರೂ ಹೆಸರು ಓದಿದ ಮರುದಿನದಿಂದ ಮದುವೆ ಮಾತುಕತೆ ನಿಂತವು, ಅದೂ ಹುಡುಗಿಯರದ್ದೇ ಜಾಸ್ತಿ. ಅಂದಿನಿಂದ ಫಲಿತಾಂಶವನ್ನು ಅವರವರ ಮನೆಯೊಳಗೇ ಹೇಳುತ್ತೇನೆ. ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅವರೆ ಕಾಳು, ಹುರುಳಿ ಕಾಳು ಜೋಡಿಸಿ ತೋರಿಸುತ್ತೇನೆ, ಅಜ್ಜಿಯಂದಿರೇ ಬೇಗ ಹಿಡಿಯುತ್ತಾರೆ.

ಆಶ್ರಮ ಶಾಲೆಯಲ್ಲಿ ಕೆಲಸ ಸುಲಭವಾಯಿತು, ಅದೂ ನನ್ನಿಂದಲ್ಲ. ಈ ಕಾಯಿಲೆಯ ಜೊತೆ ಬೆಳೆದ ಯುವಕನೊಬ್ಬನನ್ನು ಕರೆದುಕೊಂಡು ಹೋದೆ. 'ಸರ್, ನೋವು ಬಂದಾಗ ನನಗೆ ಬೆಡ್‌ಶೀಟ್ ಮೈಗೆ ತಾಗಿದರೂ ಆಗ್ತಿರಲಿಲ್ಲ, ನೀವು ಪಿಟಿಗೆ ಎಬ್ಬಿಸ್ತಿದ್ರಿ' ಅಂದ. ವಾರ್ಡನ್ ಏನೂ ಹೇಳಲಿಲ್ಲ. ಆದರೆ ಅಂಥ ಮಕ್ಕಳಿಗೆ ಸ್ನಾನಕ್ಕೆ ಬಿಸಿನೀರು, ಕ್ಲಾಸಿಗೆ ನೀರಿನ ಬಾಟಲಿ, ಕೇಳಿದಾಗ ಬಾತ್‌ರೂಮಿಗೆ ಬಿಡುವುದು, ಎಲ್ಲ ಶುರುವಾಯಿತು.

ಔಷಧಿಯ ಕಥೆ ಬೇರೆ. ಹೈಡ್ರಾಕ್ಸಿಯೂರಿಯಾ ಅನ್ನುವ ಮಾತ್ರೆ ದಿನಾ ತೆಗೆದುಕೊಂಡರೆ ನೋವಿನ ಸರದಿಗಳು ಕಡಿಮೆಯಾಗುತ್ತವೆ, ಆದರೆ ಗುಣ ಕಾಣಲು ತಿಂಗಳುಗಳು ಬೇಕು, ನಡುನಡುವೆ ರಕ್ತಪರೀಕ್ಷೆಯೂ ಆಗಬೇಕು. ಮಗು ಬೇಕು ಅನ್ನುವವರು ಮೊದಲೇ ಡಾಕ್ಟರಿಗೆ ಹೇಳಬೇಕು. 'ನೋವೇ ಇಲ್ವಲ್ಲ ಸಿಸ್ಟರ್, ಮಾತ್ರೆ ಯಾಕೆ?' ಅಂತ ಕೇಳುತ್ತಾರೆ. ಇದಕ್ಕೆ ಮಾತಿಗಿಂತ ಗೋಡೆ ಕ್ಯಾಲೆಂಡರ್ ಕೆಲಸ ಮಾಡಿತು. ನೋವಿದ್ದ ದಿನಕ್ಕೆ ಚುಕ್ಕಿ, ಜೋರಾಗಿದ್ದರೆ ದೊಡ್ಡ ಚುಕ್ಕಿ. ಓದು ಬರಬೇಕಾಗಿಲ್ಲ. ಮಾತ್ರೆ ಬಿಟ್ಟ ತಿಂಗಳು ಯಾವುದು ಅಂತ ಪುಟ ತಿರುವಿದರೆ ಅವರಿಗೇ ಕಾಣುತ್ತದೆ. ಕೊಡಗಿಗೆ ಹೊರಡುವ ಮುಂಚೆ ಸಾಕಷ್ಟು ಮಾತ್ರೆ ಕೊಡಿಸಿ, ವಿರಾಜಪೇಟೆಯ ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡಿಸಿಕೊಳ್ಳಿ ಅಂತ ಚೀಟಿ ಕೊಡುತ್ತೇನೆ.

ಈಗ ಆ ಕ್ಯಾಲೆಂಡರಿಗೆ ಇನ್ನೊಂದು ಉಪಯೋಗ ಸಿಕ್ಕಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಸಿಕಲ್ ಸೆಲ್ ಕಾಯಿಲೆಯೂ ಇದೆ. ಆದರೆ ಪ್ರಮಾಣಪತ್ರಕ್ಕೆ ಹೋದ ದಿನ ಮನುಷ್ಯ ನೆಟ್ಟಗೆ ನಡೆದುಕೊಂಡೇ ಹೋಗಿರುತ್ತಾನೆ. ನೋವಿದ್ದರೆ ಅಷ್ಟು ದೂರ ಬಸ್ ಹತ್ತುವುದಾದರೂ ಹೇಗೆ? ಹಾಗಾಗಿ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಗಳ ಜೊತೆ ವರ್ಷದ ಕ್ಯಾಲೆಂಡರನ್ನೂ ಫೈಲಿಗೆ ಸೇರಿಸಿ ಕಳಿಸುತ್ತಿದ್ದೇನೆ.