ಮಲದ ಬಣ್ಣ ಬದಲಾದರೆ ಏನು ನೋಡಬೇಕು, ಯಾವಾಗ ಆಸ್ಪತ್ರೆಗೆ ಹೋಗಬೇಕು

ನೀರು ಸುರಿಯುವ ಮುನ್ನ ಒಮ್ಮೆ ನೋಡಿ. ಇದರಲ್ಲಿ ನಾಚಿಕೊಳ್ಳುವಂಥದ್ದೇನೂ ಇಲ್ಲ. ಯಕೃತ್ತಿನಿಂದ ಇಳಿಯುವ ಪಿತ್ತರಸವನ್ನು ಕರುಳಿನ ಬ್ಯಾಕ್ಟೀರಿಯಾಗಳು ಮಾರ್ಪಡಿಸುವುದರಿಂದಲೇ ಮಲಕ್ಕೆ ಕಂದು ಬಣ್ಣ ಬರುತ್ತದೆ.

ಬೇರೆ ಬಣ್ಣ ಕಂಡರೆ ಮೊದಲು ಎರಡು ಮೂರು ದಿನಗಳ ಊಟ, ಮಾತ್ರೆ ನೆನಪಿಸಿಕೊಳ್ಳಿ. ರೊಟ್ಟಿ ಜೊತೆ ಪುಂಡಿಪಲ್ಯ, ಮೆಂತ್ಯ ಹೆಚ್ಚು ತಿಂದಿದ್ದರೆ ಹಸಿರು, ಬೀಟ್‌ರೂಟ್ ತಿಂದಿದ್ದರೆ ಕೆಂಪು. ಭೇದಿಯಾದಾಗ ಪಿತ್ತರಸ ಬಣ್ಣ ಬದಲಾಗುವ ಮೊದಲೇ ಹೊರಬಿದ್ದು ಹಸಿರು ಕಾಣಬಹುದು. ಆಗ ಬಣ್ಣದ ಚಿಂತೆ ಬಿಟ್ಟು ಓಆರ್‌ಎಸ್ ಕುಡಿಸಿ.

ಕಪ್ಪು ಬಣ್ಣವನ್ನು ಮಾತ್ರ ನಿಂತು ನೋಡಬೇಕು. ಗರ್ಭಿಣಿಯರಿಗೆ ಆಶಾ ಕಾರ್ಯಕರ್ತೆಯರು ಕೊಡುವ ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ; ಅದಕ್ಕೆ ಹೆದರಿ ಮಾತ್ರೆ ಬಿಡಬೇಡಿ. ಆದರೆ ಡಾಂಬರಿನಂತೆ ಹೊಳೆಯುತ್ತಾ, ಎರಡು ಮಗ್ ನೀರು ಹಾಕಿದರೂ ಜಾರದೆ ಅಂಟಿಕೊಂಡು, ವಿಪರೀತ ನಾರಿದರೆ ಅದು ಹೊಟ್ಟೆಯೊಳಗೆ ಸುರಿದ ರಕ್ತ ಇರಬಹುದು. ಸಿಂಧನೂರು, ಗಂಗಾವತಿ ಕಡೆ ಭತ್ತದ ನಾಟಿ ದಿನಗಳಲ್ಲಿ ಸೊಂಟನೋವಿಗೆಂದು ಮೆಡಿಕಲ್ ಶಾಪಿನ ನೋವಿನ ಮಾತ್ರೆಯನ್ನು ದಿನವೂ ನುಂಗುವವರು ಇದನ್ನು ಚೆನ್ನಾಗಿ ನೆನಪಿಡಬೇಕು. ಅಂಥ ಮಾತ್ರೆಗಳಿಂದ ಜಠರದಲ್ಲಿ ಹುಣ್ಣಾಗಿ ರಕ್ತ ಒಸರಬಹುದು. ಇಂಥ ಮಲ ಕಂಡ ದಿನವೇ ಆಸ್ಪತ್ರೆಗೆ ಹೋಗಿ. ತಲೆಸುತ್ತು, ತಣ್ಣನೆ ಬೆವರು ಇದ್ದರೆ 108ಕ್ಕೆ ಕರೆ ಮಾಡಿ.

ಕೆಂಪು ರಕ್ತ ಬಿದ್ದರೆ ಹೆಚ್ಚಿನವರಲ್ಲಿ ಮೂಲವ್ಯಾಧಿ ಅಥವಾ ಗುದದ ಬಿರುಕು. ಆದರೂ ನಲವತ್ತೈದು ದಾಟಿದವರು, ತೂಕ ಇಳಿಯುತ್ತಿರುವವರು ತಾವೇ ಮೂಲವ್ಯಾಧಿ ಎಂದು ತೀರ್ಮಾನಿಸಿ ಕೂರಬಾರದು. ಕರುಳಿನ ಕ್ಯಾನ್ಸರ್ ಕೂಡ ಹೀಗೇ ತೋರಿಸಿಕೊಳ್ಳುತ್ತದೆ.

ಮಲ ಬೂದುಬಿಳಿಯಾಗಿ, ಮೂತ್ರ ಕಡು ಹಳದಿಯಾಗಿ, ಕಣ್ಣು ಹಳದಿಯಾಗಿದ್ದರೆ ಪಿತ್ತರಸ ಕರುಳಿಗೆ ಸರಿಯಾಗಿ ಇಳಿಯುತ್ತಿಲ್ಲ. ನಾಳದಲ್ಲಿ ಕಲ್ಲೋ ಗಡ್ಡೆಯೋ ಅಡ್ಡ ಬಂದಿರಬಹುದು, ಯಕೃತ್ತಿಗೆ ಸೋಂಕು ತಗಲಿರಬಹುದು. ಕಾಮಣಿ ಎಂದು ಬರೆ ಹಾಕಿಸಲು, ಬೇರು ಕುಡಿಸಲು ಕರೆದೊಯ್ಯುತ್ತಾರೆ. ದಯವಿಟ್ಟು ಹೋಗಬೇಡಿ, ನಾಳದಲ್ಲಿನ ಕಲ್ಲು ಬರೆಯಿಂದ ಕರಗುವುದಿಲ್ಲ. ರಕ್ತಪರೀಕ್ಷೆ, ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿ. ರಾಯಚೂರಿನ ರಿಮ್ಸ್‌ನಂಥ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಬಳ್ಳಾರಿ, ಕೊಪ್ಪಳದಲ್ಲೂ ಇದೆ.

ಹಸುಗೂಸಿನ ವಿಷಯದಲ್ಲಂತೂ ಕಾಯಲೇಬಾರದು. ಎರಡು ವಾರ ಕಳೆದರೂ ಕಾಮಣಿ ಇಳಿಯದೆ, ಮಲ ಬಿಳಿಚಿದ್ದರೆ ಪಿತ್ತನಾಳವೇ ಮುಚ್ಚಿಹೋಗಿರಬಹುದು. ಅದರ ಶಸ್ತ್ರಚಿಕಿತ್ಸೆ ಹುಟ್ಟಿದ 60 ದಿನಗಳೊಳಗೆ ಆದರೆ ಫಲ ಹೆಚ್ಚು. ತವರಿನಲ್ಲಿ ಬಾಣಂತನ ಮಾಡುವ ಅಜ್ಜಿಯೇ ದುಪ್ಪಟಿ ಒಗೆಯುವಾಗ ಇದನ್ನು ಮೊದಲು ಕಾಣುವುದು, ಅವರಿಗೂ ಹೇಳಿಡಿ. ಬಟ್ಟೆ ಒಗೆಯುವ ಮುನ್ನ ಬೆಳಕಿಗೆ ಹಿಡಿದು ಮೊಬೈಲ್‌ನಲ್ಲಿ ಒಂದು ಫೋಟೊ ತೆಗೆದು ಮಕ್ಕಳ ವೈದ್ಯರಿಗೆ ತೋರಿಸಿ.