ಕಾಗದದ ಪಲ್ಪ್ ಹದ ತಪ್ಪುತ್ತಿದೆಯಾ? ಮೊದಲು ಮರದ ಚಕ್ಕೆ ನೋಡಿ

ಕಾಪಾ ನಂಬರ್ (ಪಲ್ಪಿನಲ್ಲಿ ಉಳಿದ ಲಿಗ್ನಿನ್, ಅಂದರೆ ಮರದ ನಾರುಗಳನ್ನು ಹಿಡಿದಿಡುವ ಅಂಟಿನ ಅಳತೆ) ಏರಿಳಿದ ತಕ್ಷಣ ಉಷ್ಣಾಂಶಕ್ಕೆ ಕೈ ಹಾಕಬೇಡಿ. ಚಕ್ಕೆಯನ್ನು ಕ್ಷಾರದಲ್ಲಿ ಬೇಯಿಸುವ ನಿರಂತರ ಕ್ರಾಫ್ಟ್ ಡೈಜೆಸ್ಟರ್‌ನಲ್ಲಿ ಮೇಲೆ ಹಾಕಿದ ಚಕ್ಕೆ ಪಲ್ಪ್ ಆಗಿ ಕೆಳಗೆ ಬರಲು ಗಂಟೆಗಳೇ ಬೇಕು, ಹಾಗಾಗಿ ಈಗ ಕಾಣುವ ತಪ್ಪು ಹಿಂದಿನ ಶಿಫ್ಟಿನದ್ದೂ ಆಗಿರಬಹುದು.

ಮೊದಲು ಚಕ್ಕೆಯ ದಪ್ಪ ಅಳೆಯಿರಿ. ಸುಮಾರು 2ರಿಂದ 8 ಮಿ.ಮೀ. ಒಳಗಿದ್ದರೆ ಒಳ್ಳೆಯದು. ದಪ್ಪ ಚಕ್ಕೆ ದೊಡ್ಡ ಆಲೂಗಡ್ಡೆ ಇದ್ದ ಹಾಗೆ, ಹೊರಗೆ ಬೆಂದು ಒಳಗೆ ಹಸಿಯಾಗೇ ಉಳಿಯುತ್ತದೆ. ಪುಡಿ ಜಾಸ್ತಿಯಾದರೆ ಸ್ಕ್ರೀನ್ ಕಟ್ಟುತ್ತದೆ.

ಆಮೇಲೆ ಚಕ್ಕೆಗೆ ಕೊಡುವ ಹಬೆ. ಚಕ್ಕೆಯೊಳಗಿನ ಗಾಳಿ ಹೋಗದಿದ್ದರೆ ವೈಟ್ ಲಿಕ್ಕರ್ (ಬೇಯಿಸುವ ಕ್ಷಾರದ ದ್ರಾವಣ) ಒಳಗೆ ಇಳಿಯುವುದಿಲ್ಲ, ಚಕ್ಕೆ ತೇಲುತ್ತದೆ, ರಾಶಿ ಸರಿಯಾಗಿ ಕೆಳಗೆ ಜಾರುವುದಿಲ್ಲ. ಹಬೆ ಉಳಿಸಲು ಹೋಗಿ ಎಷ್ಟೋ ಕಡೆ ಇಲ್ಲೇ ಎಡವುತ್ತಾರೆ ಅನ್ನಿಸುತ್ತದೆ.

ಕ್ಷಾರವನ್ನೆಲ್ಲಾ ಮೇಲೇ ಸುರಿಯಬೇಡಿ. ನಿಮ್ಮ ಡೈಜೆಸ್ಟರ್‌ನಲ್ಲಿ ವ್ಯವಸ್ಥೆ ಇದ್ದರೆ ಎರಡು ಮೂರು ಕಡೆ ಹಂಚಿ ಕೊಡಿ, ಏಕೆಂದರೆ ಶುರುವಿನಲ್ಲೇ ಕ್ಷಾರ ತೀರಾ ಜಾಸ್ತಿಯಾದರೆ ನಾರಿನ ಬಲ ಕುಗ್ಗುತ್ತದೆ, ಕೊನೆಯಲ್ಲಿ ತೀರಾ ಕಡಿಮೆಯಾದರೆ ಕರಗಿದ ಲಿಗ್ನಿನ್ ಮತ್ತೆ ನಾರಿಗೇ ಅಂಟಿಕೊಳ್ಳುತ್ತದೆ. ಬೇಯಿಸಿದ ಮೇಲೆ ಹೊರಬರುವ ಕಪ್ಪು ದ್ರಾವಣ, ಅಂದರೆ ಬ್ಲ್ಯಾಕ್ ಲಿಕ್ಕರ್‌ನಲ್ಲಿ ಉಳಿದ ಕ್ಷಾರವನ್ನು ಪ್ರತಿ ಶಿಫ್ಟಿನಲ್ಲೂ ನೋಡಿ. ಸ್ಯಾಂಪಲ್ ತೆಗೆಯುವಾಗ ಕನ್ನಡಕ, ಕೈಗವಸು, ಗ್ಯಾಸ್ ಮೀಟರ್ ಬೇಕೇ ಬೇಕು. ಅಲ್ಲಿ ಬರುವ ವಿಷಾನಿಲ ಹೈಡ್ರೋಜನ್ ಸಲ್ಫೈಡ್ ಜಾಸ್ತಿಯಾದಾಗ ಮೂಗಿಗೆ ವಾಸನೆಯೇ ಗೊತ್ತಾಗುವುದಿಲ್ಲ!

ಇಷ್ಟೆಲ್ಲಾ ಸರಿ ಇದ್ದ ಮೇಲೆ ಉಷ್ಣಾಂಶ. ಸುಮಾರು 10 ಡಿಗ್ರಿ ಏರಿದರೆ ಬೇಯುವ ವೇಗ ಹೆಚ್ಚುಕಮ್ಮಿ ಇಮ್ಮಡಿ, ಅದಕ್ಕೇ ಒಂದೊಂದೇ ಡಿಗ್ರಿ ಬದಲಿಸಿ, ಚಕ್ಕೆ ಕೆಳಗೆ ಬರುವಷ್ಟು ಗಂಟೆ ಕಾದು ಮತ್ತೆ ಕಾಪಾ ನೋಡಿ. ಉತ್ಪಾದನೆ ಏರಿಸಿದ ದಿನ ಚಕ್ಕೆ ಒಳಗಿರುವ ಸಮಯವೂ ಕಡಿಮೆಯಾಗುತ್ತದೆ, ಎಚ್-ಫ್ಯಾಕ್ಟರ್ (ಉಷ್ಣಾಂಶ, ಸಮಯ ಎರಡನ್ನೂ ಸೇರಿಸಿ ಬೇಯುವಿಕೆಯನ್ನು ಅಳೆಯುವ ಸಂಖ್ಯೆ) ಮತ್ತೆ ಲೆಕ್ಕ ಹಾಕಿ.