ಸ್ಪೋರ್ಟಿ ಚಿಕ್ಕ ಕಾರಿಗೆ ಯಾವ ಪೆಟ್ರೋಲ್ ಹಾಕಿಸಬೇಕು, ಮೈಲೇಜ್ ಎಲ್ಲಿ ಸೋರುತ್ತದೆ

ಸ್ಪೋರ್ಟಿ ಚಿಕ್ಕ ಕಾರು ತಗೊಂಡವರು ಎರಡು ಪ್ರಶ್ನೆಗಳನ್ನು ತಪ್ಪದೇ ಕೇಳುತ್ತಾರೆ. ಪ್ರೀಮಿಯಂ ಪೆಟ್ರೋಲ್ ಹಾಕಿಸಿದರೆ ಮೈಲೇಜ್ ಜಾಸ್ತಿ ಬರುತ್ತದಾ? ಇಷ್ಟು ಚಿಕ್ಕ ಎಂಜಿನ್ ಇಷ್ಟೊಂದು ಪೆಟ್ರೋಲ್ ಯಾಕೆ ಕುಡಿಯುತ್ತದೆ? ಎರಡಕ್ಕೂ ಉತ್ತರ ಇದೆ. ಆದರೆ ಪೆಟ್ರೋಲ್ ಬದಲಿಸಿ ಗಳಿಸುವುದು, ಓಡಿಸುವ ರೀತಿ ಬದಲಿಸಿ ಗಳಿಸುವುದರ ಮುಂದೆ ತುಂಬಾ ಸಣ್ಣದು. ಪೆಟ್ರೋಲ್ ವಿಷಯ ಮೊದಲು ಮುಗಿಸೋಣ.

ಟ್ಯಾಂಕಿನ ಮುಚ್ಚಳ ತೆಗೆದು ಒಳಗಿರುವ ಸ್ಟಿಕ್ಕರ್ ಓದಿ. ಅಲ್ಲಿ 91, 95, 98 ಇಂಥದ್ದೊಂದು ಸಂಖ್ಯೆ ಇರುತ್ತದೆ. ಅದು ನಿಮ್ಮ ಎಂಜಿನ್ ಕೇಳುವ ಆಕ್ಟೇನ್ (ಅದೇನು ಅಂತ ಮುಂದೆ ಹೇಳುತ್ತೇನೆ). ಈ ಸಂಖ್ಯೆ ಜಾಸ್ತಿ ಇರುವ ಪೆಟ್ರೋಲೇ ಪ್ರೀಮಿಯಂ. ಆದರೆ ಸಂಖ್ಯೆಯ ಪಕ್ಕದಲ್ಲಿರುವ ಅಕ್ಷರಗಳನ್ನೂ ನೋಡಿ. ಹೆಚ್ಚಿನ ದೇಶಗಳು ಆರ್‌ಒಎನ್ ಅಳತೆ ಬಳಸುತ್ತವೆ, ಅಮೆರಿಕ ಮತ್ತು ಕೆನಡಾದಲ್ಲಿ ಎಕೆಐ ಅಂತ ಬೇರೆ ಅಳತೆ. ಎಕೆಐ ಅಂದರೆ ಆರ್‌ಒಎನ್ ಮತ್ತು ಎಂಒಎನ್ ಎಂಬ ಎರಡು ಪರೀಕ್ಷೆಗಳ ಸರಾಸರಿ, ಹಾಗಾಗಿ ಸಂಖ್ಯೆ ಕಡಿಮೆ ಕಾಣುತ್ತದೆ. ಅಲ್ಲಿನ 87 ಅಂದರೆ ಆರ್‌ಒಎನ್‌ನಲ್ಲಿ ಸುಮಾರು 91ರಿಂದ 92, ಅಲ್ಲಿನ 91 ಅಂದರೆ ಸುಮಾರು 95. ಇಂಟರ್ನೆಟ್‌ನಲ್ಲಿ ಯಾರೋ ಬೇರೆ ದೇಶದವರು ‘ನನ್ನ ಕಾರು 87ರಲ್ಲೇ ಚೆನ್ನಾಗಿ ಓಡುತ್ತದೆ’ ಅಂದದ್ದನ್ನು ನಂಬಿ ನಿಮ್ಮ ಕಾರಿಗೆ ಕಡಿಮೆ ದರ್ಜೆಯದ್ದು ಹಾಕಿಸಿಬಿಡಬೇಡಿ.

ಇನ್ನೊಂದು ವ್ಯತ್ಯಾಸವೂ ಮುಖ್ಯ. ಕೈಪಿಡಿಯಲ್ಲಿ ‘ಕಡ್ಡಾಯ’ ಅಂತ ಬರೆದಿದೆಯೋ ‘ಶಿಫಾರಸು’ ಅಂತ ಬರೆದಿದೆಯೋ ನೋಡಿ. ಕಡ್ಡಾಯ ಅಂದರೆ ಚರ್ಚೆ ಮುಗಿಯಿತು, ಅದಕ್ಕಿಂತ ಕಡಿಮೆ ಹಾಕಿಸಬಾರದು. ಶಿಫಾರಸು ಅಂದರೆ ಕಡಿಮೆ ದರ್ಜೆಯಲ್ಲೂ ಎಂಜಿನ್‌ಗೆ ಅಪಾಯವಿಲ್ಲ, ಆದರೆ ಕಂಪನಿ ಜಾಹೀರಾತಿನಲ್ಲಿ ಹೇಳಿದ ಪವರ್ ಪೂರ್ತಿ ಸಿಗುವುದಿಲ್ಲ. ಸ್ಪೋರ್ಟಿ ಚಿಕ್ಕ ಕಾರುಗಳಲ್ಲಿ ಈ ಎರಡನೇ ಗುಂಪಿನವು ಬಹಳ ಇವೆ. ಗೊಂದಲ ಹುಟ್ಟುವುದೂ ಅಲ್ಲೇ.

ಆಕ್ಟೇನ್ ಅಂದರೆ ಶಕ್ತಿ ಅಲ್ಲ. ಇದೊಂದು ತಲೆಯಲ್ಲಿ ಕೂತರೆ ಅರ್ಧ ಗೊಂದಲ ಹೋಗುತ್ತದೆ. ಸಿಲಿಂಡರ್ ಒಳಗೆ ಗಾಳಿ ಮತ್ತು ಪೆಟ್ರೋಲ್ ಮಿಶ್ರಣವನ್ನು ಪಿಸ್ಟನ್ ಒತ್ತಿದಾಗ ಅದು ಬಿಸಿಯಾಗುತ್ತದೆ. ಸ್ಪಾರ್ಕ್ ಪ್ಲಗ್ ಕಿಡಿ ಕೊಟ್ಟ ಮೇಲೆ ಬೆಂಕಿ ಒಂದು ಕಡೆಯಿಂದ ಹರಡುತ್ತಾ ಹೋಗಬೇಕು. ಅದು ತಲುಪುವ ಮೊದಲೇ ಇನ್ನೊಂದು ಮೂಲೆಯ ಮಿಶ್ರಣ ತಾನಾಗಿಯೇ ಸಿಡಿದರೆ ಅದಕ್ಕೆ ನಾಕಿಂಗ್ ಅನ್ನುತ್ತೇವೆ. ಲೋಹದ ಮೇಲೆ ಸಣ್ಣ ಕಲ್ಲು ಬಡಿದ ಹಾಗೆ ಟಿಕ್ ಟಿಕ್ ಸದ್ದು ಬರುತ್ತದೆ, ಜೋರಾಗಿ ತುಂಬಾ ಹೊತ್ತು ನಡೆದರೆ ಪಿಸ್ಟನ್ನೇ ಹಾಳಾಗುತ್ತದೆ. ಹಾಗೆ ತಾನಾಗಿ ಸಿಡಿಯದೆ ತಡೆದುಕೊಳ್ಳುವ ಗುಣವೇ ಆಕ್ಟೇನ್. ಐಸೊಆಕ್ಟೇನ್‌ಗೆ 100, ಎನ್-ಹೆಪ್ಟೇನ್‌ಗೆ 0 ಅಂತ ಇಟ್ಟುಕೊಂಡು ಅಳೆಯುತ್ತಾರೆ. ಒಂದು ಲೀಟರ್ 98ರಲ್ಲಿ 91ಕ್ಕಿಂತ ಜಾಸ್ತಿ ಶಕ್ತಿ ತುಂಬಿದೆ ಅನ್ನುವುದು ಇದರ ಅರ್ಥ ಅಲ್ಲವೇ ಅಲ್ಲ.

ಹಾಗಾದರೆ ಸ್ಪೋರ್ಟಿ ಕಾರು ಯಾಕೆ ಜಾಸ್ತಿ ಆಕ್ಟೇನ್ ಕೇಳುತ್ತದೆ? ಚಿಕ್ಕ ಎಂಜಿನ್‌ನಿಂದ ದೊಡ್ಡ ಪವರ್ ತೆಗೆಯಬೇಕು ಅಂದರೆ ಮಿಶ್ರಣವನ್ನು ಜಾಸ್ತಿ ಒತ್ತಬೇಕು, ಇಲ್ಲವೇ ಟರ್ಬೊ ಹಾಕಿ ಜಾಸ್ತಿ ಗಾಳಿ ತುಂಬಬೇಕು. ಎರಡರಲ್ಲೂ ಬಿಸಿ ಏರುತ್ತದೆ, ನಾಕಿಂಗ್ ಹತ್ತಿರವಾಗುತ್ತದೆ. ಮಜ್ದಾ ತನ್ನ ಸ್ಕೈಆಕ್ಟಿವ್ ಪೆಟ್ರೋಲ್ ಎಂಜಿನ್ ಅನ್ನು ಯುರೋಪಿನಲ್ಲಿ 14:1 ಕಂಪ್ರೆಷನ್‌ನಲ್ಲಿ (ಅಂದರೆ ಮಿಶ್ರಣವನ್ನು ಹದಿನಾಲ್ಕನೇ ಒಂದು ಪಾಲಿನಷ್ಟು ಜಾಗಕ್ಕೆ ಒತ್ತುವ ಹಾಗೆ) ಕೊಟ್ಟು ಅಮೆರಿಕದಲ್ಲಿ 13:1ಕ್ಕೆ ಇಳಿಸಿತ್ತು, ಯಾಕೆಂದರೆ ಅಲ್ಲಿನ ಸಾಮಾನ್ಯ ಪೆಟ್ರೋಲಿನ ಆಕ್ಟೇನ್ ಕಡಿಮೆ. ಎಂಜಿನ್ ಮತ್ತು ಪೆಟ್ರೋಲ್ ಜೋಡಿ ಅಷ್ಟು ನಿಕಟವಾದದ್ದು.

ಈಗಿನ ಎಂಜಿನ್‌ಗಳಲ್ಲಿ ನಾಕ್ ಸೆನ್ಸರ್ ಇರುತ್ತದೆ. ಕಡಿಮೆ ಆಕ್ಟೇನ್ ಹಾಕಿದಾಗ ಅದು ನಡುಕ ಗುರುತಿಸುತ್ತದೆ, ತಕ್ಷಣ ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಕಿಡಿಯನ್ನು ಸ್ವಲ್ಪ ತಡವಾಗಿ ಕೊಡುತ್ತದೆ, ಟರ್ಬೊ ಇದ್ದರೆ ಅದು ತುಂಬುವ ಗಾಳಿಯ ಒತ್ತಡವನ್ನು (ಬೂಸ್ಟ್) ಕೂಡ ತಗ್ಗಿಸುತ್ತದೆ. ಎಂಜಿನ್ ಉಳಿಯುತ್ತದೆ. ಆದರೆ ಕಿಡಿ ತಡವಾದರೆ ಸುಟ್ಟ ಅನಿಲದ ಒತ್ತಡ ಪಿಸ್ಟನ್ ತಳ್ಳುವ ಬದಲು ಸುಮ್ನೆ ಬಿಸಿಯಾಗಿ ಸೈಲೆನ್ಸರ್‌ನಿಂದ ಹೊರಗೆ ಹೋಗುತ್ತದೆ. ಪಿಕಪ್ ಕುಗ್ಗುತ್ತದೆ, ನೀವು ಅರಿವಿಲ್ಲದೆ ಆಕ್ಸಿಲರೇಟರ್ ಇನ್ನಷ್ಟು ಒತ್ತುತ್ತೀರಿ, ಮೈಲೇಜ್ ಇಳಿಯುತ್ತದೆ. ಪ್ರೀಮಿಯಂ ಹಾಕಿದಾಗ ಮೈಲೇಜ್ ಏರುವುದು ಇದೇ ಕಾರಣಕ್ಕೆ. ಎಂಜಿನ್ ಕಳೆದುಕೊಂಡಿದ್ದನ್ನು ವಾಪಸ್ ಪಡೆಯುತ್ತದೆ, ಅಷ್ಟೇ. ಸಾಮಾನ್ಯ ಪೆಟ್ರೋಲ್ ಸಾಕು ಅಂತ ಬರೆದಿರುವ ಕಾರು ಕಳೆದುಕೊಂಡಿರುವುದೇ ಏನೂ ಇಲ್ಲ, ವಾಪಸ್ ಬರುವುದೂ ಏನೂ ಇಲ್ಲ.

ಅಮೆರಿಕದ ಮೋಟಾರು ಸಂಘ ಎಎಎ ಇದನ್ನು ಪರೀಕ್ಷಿಸಿ ನೋಡಿದೆ. ಸಾಮಾನ್ಯ ಪೆಟ್ರೋಲ್ ಸಾಕು ಅನ್ನುವ ಕಾರುಗಳಿಗೆ 2016ರಲ್ಲಿ ಪ್ರೀಮಿಯಂ ಹಾಕಿ ನೋಡಿದಾಗ ಹೇಳಿಕೊಳ್ಳುವಂಥ ಲಾಭ ಸಿಗಲಿಲ್ಲ. 2017ರಲ್ಲಿ ಪ್ರೀಮಿಯಂ ‘ಶಿಫಾರಸು’ ಮಾಡಿದ ಕಾರುಗಳನ್ನು ನೋಡಿದಾಗ ಮೈಲೇಜ್ ಸರಾಸರಿ 2.7% ಏರಿತು, ಪವರ್ 1.4% ಏರಿತು.

ಈ ಸಂಖ್ಯೆ ಇಟ್ಟುಕೊಂಡು ನಿಮ್ಮ ಲೆಕ್ಕ ಮಾಡಿ. ಪ್ರೀಮಿಯಂ ಸಾಮಾನ್ಯಕ್ಕಿಂತ ಶೇಕಡಾ ಎಷ್ಟು ದುಬಾರಿ? ಮೈಲೇಜ್ ಶೇಕಡಾ ಎಷ್ಟು ಏರಿತು? ದರ 10% ಜಾಸ್ತಿ ಇದ್ದು ಮೈಲೇಜ್ 3% ಏರಿದರೆ ಹಣದ ದೃಷ್ಟಿಯಿಂದ ನಷ್ಟವೇ. ಆದರೂ ಶಿಫಾರಸು ಇರುವ ಟರ್ಬೊ ಕಾರಿಗೆ ಪ್ರೀಮಿಯಂ ಹಾಕಿಸಿ ಅಂತಲೇ ನಾನು ಹೇಳುತ್ತೇನೆ. ಬೇಸಿಗೆಯಲ್ಲಿ, ಏರು ರಸ್ತೆಯಲ್ಲಿ, ನಾಲ್ಕು ಜನ ಕೂತು ಲಗೇಜ್ ತುಂಬಿದಾಗ ಎಂಜಿನ್ ಮೇಲೆ ಹೊರೆ ಬೀಳುತ್ತದೆ, ಆಗ ಆ ವ್ಯತ್ಯಾಸ ಸರಾಸರಿಗಿಂತ ಜಾಸ್ತಿ ಇರುತ್ತದೆ. ಕಾರನ್ನು ಹುರುಪಿನಿಂದ ಓಡಿಸಬೇಕು ಅಂತಲೇ ಅಲ್ವಾ ಇದನ್ನು ತಗೊಂಡಿದ್ದು? ದಿನಾ ನಿಧಾನವಾಗಿ ಕಚೇರಿಗೆ ಹೋಗಿಬರುವುದಷ್ಟೇ ಆದರೆ, ಕೈಪಿಡಿ ಒಪ್ಪಿದರೆ, ಸಾಮಾನ್ಯದ್ದೇ ಸಾಕು. ಎರಡನ್ನೂ ಅರ್ಧರ್ಧ ಬೆರೆಸಿದರೆ ಆಕ್ಟೇನ್ ಕೂಡ ಹೆಚ್ಚುಕಡಿಮೆ ನಡುವೆ ಬಂದು ನಿಲ್ಲುತ್ತದೆ, ಬೆರೆಸಿದ್ದರಿಂದ ಹಾನಿ ಏನಿಲ್ಲ.

ಬಂಕಿನಲ್ಲಿ ಬೇಕಾದ ದರ್ಜೆ ಸಿಗದೆ ಕಡಿಮೆಯದ್ದು ಹಾಕಿಸಬೇಕಾಗಿ ಬಂದರೆ ಗಾಬರಿ ಬೇಡ. ಸ್ವಲ್ಪವೇ ಹಾಕಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಬೇಡಿ, ಮುಂದಿನ ಬಂಕಿನಲ್ಲಿ ಸರಿಯಾದದ್ದು ತುಂಬಿಸಿ.

ಎಥನಾಲ್ ಬಗ್ಗೆ ಒಂದು ಮಾತು. ಎಥನಾಲ್‌ನ ಆಕ್ಟೇನ್ ತುಂಬಾ ಜಾಸ್ತಿ, ಆದರೆ ಲೀಟರ್‌ಗೆ ಶಕ್ತಿ ಪೆಟ್ರೋಲಿನ ಮೂರನೇ ಎರಡು ಭಾಗ ಮಾತ್ರ. 10% ಬೆರೆಸಿದ ಪೆಟ್ರೋಲಿನಲ್ಲಿ ಶಕ್ತಿ ಸುಮಾರು 3% ಕಡಿಮೆ, 20% ಬೆರೆಸಿದ್ದರಲ್ಲಿ ಅದರ ಎರಡರಷ್ಟು ಕಡಿಮೆ. ಎರಡು ಬಂಕುಗಳ ಪೆಟ್ರೋಲ್ ಹೋಲಿಸುವಾಗ ಆಕ್ಟೇನ್ ಜೊತೆ ಇದನ್ನೂ ನೋಡಿ, ಇಲ್ಲದಿದ್ದರೆ ತಪ್ಪು ಕಾರಣಕ್ಕೆ ಬಂಕನ್ನು ಹೊಗಳುತ್ತೀರಿ ಇಲ್ಲವೇ ಬೈಯುತ್ತೀರಿ.

ಅಳೆಯುವುದು ಹೇಗೆ? ಮೀಟರ್‌ನಲ್ಲಿ ತೋರಿಸುವ ಮೈಲೇಜ್ ಎಷ್ಟೋ ಕಾರುಗಳಲ್ಲಿ ನಿಜಕ್ಕಿಂತ ಸ್ವಲ್ಪ ಜಾಸ್ತಿಯೇ ಇರುತ್ತದೆ. ಫುಲ್ ಟ್ಯಾಂಕ್ ಮಾಡಿಸಿ, ಪಂಪ್ ಮೊದಲ ಸಲ ಆಟೋ ಕಟ್ ಆದಲ್ಲಿಗೆ ನಿಲ್ಲಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. ಟ್ಯಾಂಕ್ ಬಹುಪಾಲು ಖಾಲಿಯಾದ ಮೇಲೆ ಅದೇ ಬಂಕಿನ ಅದೇ ಪಂಪಿನಲ್ಲಿ ಮತ್ತೆ ಆಟೋ ಕಟ್ ಆಗುವವರೆಗೆ ತುಂಬಿಸಿ. ಓಡಿದ ಕಿಲೋಮೀಟರನ್ನು ಹಾಕಿದ ಲೀಟರಿನಿಂದ ಭಾಗಿಸಿ. ದರ್ಜೆ ಬದಲಿಸಿದ ಮೊದಲ ಟ್ಯಾಂಕನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಹಳೆಯ ಪೆಟ್ರೋಲ್ ಇನ್ನೂ ಬೆರೆತಿರುತ್ತದೆ, ಇಸಿಯು ಹೊಸದಕ್ಕೆ ಹೊಂದಿಕೊಳ್ಳುವುದಕ್ಕೂ ಸಮಯ ಬೇಕು. ಒಂದೊಂದು ದರ್ಜೆಗೂ ಕೆಲವು ಟ್ಯಾಂಕ್ ನೋಡಿ ಸರಾಸರಿ ತೆಗೆಯಿರಿ, ಯಾಕೆಂದರೆ ಒಂದು ವಾರದ ಟ್ರಾಫಿಕ್ ಇನ್ನೊಂದು ವಾರ ಇರುವುದಿಲ್ಲ, ಎರಡು ಮೂರು ಶೇಕಡಾ ವ್ಯತ್ಯಾಸ ಅದರಲ್ಲೇ ಮುಚ್ಚಿಹೋಗುತ್ತದೆ.

ಇನ್ನು ಓಡಿಸುವ ವಿಷಯ. ಉಳಿತಾಯ ನಿಜವಾಗಿ ಇರುವುದು ಇಲ್ಲಿ.

ಟರ್ಬೊ ಎಂಜಿನ್ ಸಮಾಧಾನವಾಗಿ ಓಡಿದಾಗ ಚಿಕ್ಕ ಎಂಜಿನ್, ಬೂಸ್ಟ್‌ನಲ್ಲಿ ಓಡಿದಾಗ ದೊಡ್ಡ ಎಂಜಿನ್. ಸಾಮಾನ್ಯವಾಗಿ 1 ಗ್ರಾಂ ಪೆಟ್ರೋಲಿಗೆ 14.7 ಗ್ರಾಂ ಗಾಳಿ ಬೇಕು. ಪೂರ್ತಿ ಒತ್ತಿ ಓಡಿಸಿದಾಗ ಒಳಗಿನ ಬಿಸಿ ತಗ್ಗಿಸಲು ಹಲವು ಎಂಜಿನ್‌ಗಳು ಇದಕ್ಕಿಂತ ಜಾಸ್ತಿ ಪೆಟ್ರೋಲ್ ಸುರಿಯುತ್ತವೆ. ಆ ಹೆಚ್ಚುವರಿ ಪೆಟ್ರೋಲ್ ಪೂರ್ತಿ ಉರಿಯುವುದಿಲ್ಲ, ತಂಪು ಮಾಡಿ ಹೊರಗೆ ಹೋಗುತ್ತದೆ. ಒಂದೇ ಕಾರು ಒಬ್ಬರ ಕೈಯಲ್ಲಿ ಮೈಲೇಜ್ ಕೊಟ್ಟು ಇನ್ನೊಬ್ಬರ ಕೈಯಲ್ಲಿ ಕೊಡದೇ ಇರುವುದು ಇದರಿಂದಲೇ.

ಹಾಗಂತ ಕೋಳಿಮೊಟ್ಟೆ ಮೇಲೆ ಕಾಲಿಟ್ಟ ಹಾಗೆ ಓಡಿಸಬೇಕಿಲ್ಲ. ವೇಗ ಹೆಚ್ಚಿಸುವಾಗ ಧೈರ್ಯವಾಗಿ ಅರ್ಧದಷ್ಟು ಒತ್ತಿ, ಬೇಗ ಬೇಗ ಮೇಲಿನ ಗೇರಿಗೆ ಹೋಗಿ, ಬೇಕಾದ ವೇಗ ಬಂದ ಮೇಲೆ ಅದೇ ವೇಗದಲ್ಲಿ ಸ್ಥಿರವಾಗಿ ಹೋಗಿ. ಆದರೆ ಟರ್ಬೊ ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲನ್ನು ನೇರವಾಗಿ ಸಿಲಿಂಡರ್ ಒಳಗೇ ಚಿಮ್ಮಿಸುವ) ಎಂಜಿನ್ ಇದ್ದರೆ ತೀರಾ ಕಡಿಮೆ ಆರ್‌ಪಿಎಂನಲ್ಲಿ, ಉದಾಹರಣೆಗೆ 1,500ರ ಕೆಳಗೆ, ಟಾಪ್ ಗೇರಿನಲ್ಲಿ ಇದ್ದುಕೊಂಡು ಜೋರಾಗಿ ಒತ್ತಬೇಡಿ. ಅಲ್ಲಿ ಕಿಡಿಗಿಂತ ಮೊದಲೇ ಮಿಶ್ರಣ ಹೊತ್ತಿಕೊಳ್ಳುವ ಲೋ ಸ್ಪೀಡ್ ಪ್ರಿ-ಇಗ್ನಿಷನ್ ಎಂಬ ತೊಂದರೆ ಬರಬಹುದು, ಅದು ಸಾಮಾನ್ಯ ನಾಕಿಂಗ್‌ಗಿಂತ ಭಯಂಕರ, ಪಿಸ್ಟನ್ ಮುರಿಯುವಷ್ಟು. ಜಾಸ್ತಿ ಆಕ್ಟೇನ್ ಹಾಕಿದ್ದೇವೆ ಅಂತ ನಿಶ್ಚಿಂತೆಯಾಗಿ ಇರಬೇಡಿ, ಇಲ್ಲಿ ಎಂಜಿನ್ ಆಯಿಲ್ ಕೂಡ ಮುಖ್ಯ. ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐ ಕೊಡುವ ದರ್ಜೆಗಳಲ್ಲಿ 2018ರಲ್ಲಿ ಬಂದ ಎಸ್‌ಎನ್ ಪ್ಲಸ್ ಮತ್ತು 2020ರಲ್ಲಿ ಬಂದ ಎಸ್‌ಪಿ ದರ್ಜೆಯ ಆಯಿಲ್‌ಗಳನ್ನು ಈ ತೊಂದರೆಗೂ ಪರೀಕ್ಷೆ ಮಾಡಿರುತ್ತಾರೆ. ಡಬ್ಬದ ಮೇಲೆ ನೋಡಿ ತಗೊಳ್ಳಿ. ಪಿಕಪ್ ಬೇಕಾದಾಗ ಒಂದು ಗೇರ್ ಇಳಿಸಿ, ಆಮೇಲೆ ಒತ್ತಿ.

ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವ ಹಳೆಯ ಅಭ್ಯಾಸ ಬಿಡಿ. ಗೇರಿನಲ್ಲೇ ಇದ್ದು ಕಾಲು ತೆಗೆದರೆ ಇಂಜೆಕ್ಟರ್‌ಗಳು ಪೆಟ್ರೋಲ್ ಪೂರ್ತಿ ನಿಲ್ಲಿಸುತ್ತವೆ, ಚಕ್ರವೇ ಎಂಜಿನ್ ತಿರುಗಿಸುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ನಡೆಸಲು ಪೆಟ್ರೋಲ್ ಬೇಕು, ಎಂಜಿನ್ ಬ್ರೇಕೂ ಇರುವುದಿಲ್ಲ. ಮುಂದೆ ಸಿಗ್ನಲ್ ಕೆಂಪಾಗಿರುವುದು ಕಂಡ ತಕ್ಷಣ ಕಾಲು ತೆಗೆದುಬಿಡಿ.

ಹೆದ್ದಾರಿಯಲ್ಲಿ ಗಾಳಿಯೇ ಶತ್ರು. ಗಾಳಿಯ ತಡೆ ವೇಗದ ವರ್ಗದಷ್ಟು ಏರುತ್ತದೆ, ಅಂದರೆ 100ರಿಂದ 120 ಕಿ.ಮೀ.ಗೆ ಹೋದರೆ ತಡೆ 44% ಜಾಸ್ತಿ. ಸ್ಪೋರ್ಟಿ ಕಾರುಗಳ ಗೇರಿಂಗ್ ಚುರುಕುತನಕ್ಕಾಗಿ ಚಿಕ್ಕದಾಗಿ ಇರುವುದೂ ಉಂಟು, ಆ ವೇಗದಲ್ಲಿ ಆರ್‌ಪಿಎಂ ಮೇಲೇ ಇರುತ್ತದೆ.

ಟೈರ್ ಗಾಳಿ ತಿಂಗಳಿಗೊಮ್ಮೆ, ಟೈರ್ ತಣ್ಣಗಿರುವಾಗ ನೋಡಿ. ಅಗಲವಾದ ಅಂಟು ಟೈರು, ದೊಡ್ಡ ಭಾರದ ಚಕ್ರ ಹಾಕಿಸಿದರೆ ಹಿಡಿತ ಸಿಗುತ್ತದೆ, ಮೈಲೇಜ್ ಹೋಗುತ್ತದೆ. ಅದು ನಿಮ್ಮ ಆಯ್ಕೆ. ಎರಡು ಮೂರು ಕಿಲೋಮೀಟರಿನ ಓಡಾಟಗಳನ್ನು ಒಟ್ಟು ಸೇರಿಸಿ ಒಂದೇ ಸಲ ಮುಗಿಸಿ, ತಣ್ಣಗಿನ ಎಂಜಿನ್ ಜಾಸ್ತಿ ಕುಡಿಯುತ್ತದೆ.

ಅಂಗಡಿಯಲ್ಲಿ ಸಿಗುವ ಆಕ್ಟೇನ್ ಬೂಸ್ಟರ್ ಬಾಟಲಿಗಳ ಮೇಲೆ ‘10 ಪಾಯಿಂಟ್ ಏರಿಸುತ್ತದೆ’ ಅಂತ ಬರೆದಿದ್ದರೆ, ಆ ಲೆಕ್ಕದಲ್ಲಿ ಹೆಚ್ಚಾಗಿ 10 ಪಾಯಿಂಟ್ ಅಂದರೆ 1 ಆಕ್ಟೇನ್. 91 ಇದ್ದದ್ದು 92 ಆಗುತ್ತದೆ, 101 ಅಲ್ಲ. ಅದೇ ಹಣಕ್ಕೆ ಪ್ರೀಮಿಯಂ ಹಾಕಿಸಿ. ಇನ್ನು ಇಸಿಯು ರೀಮ್ಯಾಪ್ (ಪವರ್ ಏರಿಸಲು ಅದರ ಸಾಫ್ಟ್‌ವೇರ್ ಬದಲಿಸುವುದು) ಮಾಡಿಸುವವರು ಒಂದು ಮಾತು ಮೊದಲೇ ಕೇಳಿಕೊಳ್ಳಿ: ಈ ಮ್ಯಾಪ್ ಯಾವ ಆಕ್ಟೇನ್‌ಗೆ ಬರೆದದ್ದು? 98ಕ್ಕೆ ಬರೆದ ಮ್ಯಾಪ್ ಹಾಕಿಸಿಕೊಂಡ ಮೇಲೆ ಟ್ಯಾಂಕ್ ಮುಚ್ಚಳದ ಹಳೆಯ ಸ್ಟಿಕ್ಕರ್ ಲೆಕ್ಕಕ್ಕಿಲ್ಲ. ದೂರದ ಊರಿಗೆ ಹೊರಡುವ ಮುಂಚೆ ದಾರಿಯಲ್ಲಿ 98 ಸಿಗುವ ಬಂಕುಗಳು ಎಲ್ಲೆಲ್ಲಿವೆ ಅಂತ ನೋಡಿಟ್ಟುಕೊಳ್ಳಬೇಕು. ಸಿಗದ ಕಡೆ ವಾಸ ಇದ್ದರೆ, ಕಡಿಮೆ ಆಕ್ಟೇನ್‌ಗೆ ಬರೆದ ಮ್ಯಾಪನ್ನೇ ಕೇಳಿ ಹಾಕಿಸಿಕೊಳ್ಳಿ.